ನಕ್ಷೆ ಕಳಿಸುವ ಮುನ್ನ: ಯಾರಿಗೆ ಯಾವ ಫೈಲ್?

ಮಣಿಪಾಲದ ಡಿಸೈನ್ ಆಫೀಸಿನಲ್ಲಿ ತಯಾರಾದ ಮನೆಯ ನಕ್ಷೆಯನ್ನು ಎಷ್ಟೋ ಸಲ ಮೊದಲು ನೋಡುವವರು ಮಸ್ಕತ್‌ನಲ್ಲೋ ಮುಂಬೈಯಲ್ಲೋ ಇರುವ ಮನೆಯ ಯಜಮಾನರು. ನೋಡುವುದು ಮೊಬೈಲಿನಲ್ಲಿ, ಕೆಲಸದ ನಡುವಿನ ಬಿಡುವಿನಲ್ಲಿ. ಅದೇ ನಕ್ಷೆ ಆಮೇಲೆ ಕಾಪುವಿನ ಸೈಟಿನಲ್ಲಿ ಮೇಸ್ತ್ರಿಯ ಕೈ ಸೇರಬೇಕು, ಸ್ಟ್ರಕ್ಚರಲ್ ಎಂಜಿನಿಯರರ ಕಂಪ್ಯೂಟರಿಗೆ ಹೋಗಬೇಕು. ಗೇಟಿನ ಡಿಸೈನ್ ಲೇಸರ್ ಕಟಿಂಗ್‌ನವರಿಗೆ, ಮುಂಬಾಗಿಲಿನ ಕೆತ್ತನೆ ಕಾರ್ಕಳದ ಸಿಎನ್‌ಸಿ ರೂಟರ್‌ನವರಿಗೆ ತಲುಪಬೇಕು. ಒಬ್ಬೊಬ್ಬರಿಗೂ ಬೇಕಾದದ್ದು ಬೇರೆ. ಹೋಗುವುದು ಮಾತ್ರ ಹೆಚ್ಚಿನ ಸಲ ಎಲ್ಲರಿಗೂ ಒಂದೇ ಫೈಲ್. ಆಮೇಲೆ ಫೋನ್ ಬರುತ್ತದೆ: “ಓಪನ್ನೇ ಆಗುವುದಿಲ್ಲ ಮಾರಾಯ್ರೇ, ಎಂತ ಕಳಿಸಿದ್ದು ನೀವು?”

ಉಡುಪಿ ಜಿಲ್ಲೆಯಲ್ಲಿ ಡ್ರಾಯಿಂಗ್ ಬಲ್ಲವರಿಗೆ ಕೊರತೆಯಿಲ್ಲ. ಮಣಿಪಾಲದ ಎಂಐಟಿ 1957ರಿಂದ, ಕಾರ್ಕಳ ತಾಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು 1986ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿವೆ. ಕಾಪು ತಾಲೂಕಿನ ಬಂಟಕಲ್ಲಿನಲ್ಲೂ ಒಂದು ಕಾಲೇಜಿದೆ. ಪ್ರೊಜೆಕ್ಷನ್, ಸೆಕ್ಷನ್, ಸಾಫ್ಟ್‌ವೇರ್ ಎಲ್ಲವನ್ನೂ ತರಗತಿಯಲ್ಲಿ ಕಲಿಯಬಹುದು. ತಯಾರಾದ ನಕ್ಷೆಯನ್ನು ಗ್ರಾಹಕರಿಗೆ ಒಪ್ಪಿಸುವ ಕ್ರಮವನ್ನು ಮಾತ್ರ ಹೆಚ್ಚಿನವರು ಕೆಲಸಕ್ಕೆ ಸೇರಿದ ಮೇಲೆ, ಪೆಟ್ಟು ತಿಂದು ಕಲಿಯುತ್ತಾರೆ. ಆ ಪೆಟ್ಟು ತಪ್ಪಿಸಲು ಈ ಬರಹ.

ಮೊದಲು ಕೇಳಬೇಕಾದ ಪ್ರಶ್ನೆ

ಫೈಲ್ ಕಳಿಸುವ ಮೊದಲು ಗ್ರಾಹಕರನ್ನು ಕೇಳಿ: ಈ ನಕ್ಷೆಯಿಂದ ನೀವು ಏನು ಮಾಡುತ್ತೀರಿ? ಉತ್ತರ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ನೋಡಿ ಒಪ್ಪಿಗೆ ಕೊಡುತ್ತಾರೆ. ಅದರ ಮೇಲೆ ತಮ್ಮ ಕೆಲಸ ಸೇರಿಸುತ್ತಾರೆ. ಯಂತ್ರಕ್ಕೆ ಕೊಟ್ಟು ಕತ್ತರಿಸುತ್ತಾರೆ. ಇಲ್ಲವೇ ಮೂರು ಆಯಾಮದ ಭಾಗವಾಗಿ ತಯಾರಿಸುತ್ತಾರೆ. ನೋಡುವವರಿಗೆ ಪಿಡಿಎಫ್, ತಿದ್ದುವವರಿಗೆ ಡಿಡಬ್ಲ್ಯೂಜಿ, ಕತ್ತರಿಸುವವರಿಗೆ ಡಿಎಕ್ಸ್‌ಎಫ್, ತಯಾರಿಸುವವರಿಗೆ ಸ್ಟೆಪ್. ಇಷ್ಟು ನೆನಪಿದ್ದರೆ ಅರ್ಧ ತೊಂದರೆ ಮುಗಿಯಿತು.

ಇದರ ಜತೆಗೆ ಬಿಡದೆ ಪಾಲಿಸಬೇಕಾದ ನಿಯಮ ಒಂದಿದೆ. ಬೇರೆ ಯಾವ ಫೈಲ್ ಹೋದರೂ ಜತೆಯಲ್ಲಿ ಪಿಡಿಎಫ್ ಹೋಗಲೇಬೇಕು. ಪಿಡಿಎಫ್ ಎರಡೂ ಕಡೆಯವರ ನಡುವಿನ ಒಪ್ಪಂದ; ಉಳಿದವೆಲ್ಲ ಕೆಲಸದ ಸಲಕರಣೆ. ಎರಡರಲ್ಲಿ ವ್ಯತ್ಯಾಸ ಕಂಡರೆ ಪಿಡಿಎಫ್‌ನಲ್ಲಿ ಬರೆದ ಅಳತೆಯೇ ಅಂತಿಮ ಎಂದು ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ನಲ್ಲೇ ಬರೆದಿಡಿ.

ನೋಡುವವರಿಗೆ ಪಿಡಿಎಫ್

1993ರಲ್ಲಿ ಅಡೋಬಿ ಸಂಸ್ಥೆ ತಂದ ಪಿಡಿಎಫ್ 2008ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಯಾವ ಫೋನಿನಲ್ಲೂ ತೆರೆಯುತ್ತದೆ ಎಂಬುದೇ ಅದರ ದೊಡ್ಡ ಗುಣ. ಆದರೆ ಎಲ್ಲ ಪಿಡಿಎಫ್ ಒಂದೇ ಅಲ್ಲ. ಕ್ಯಾಡ್ ಸಾಫ್ಟ್‌ವೇರ್‌ನಿಂದ ನೇರವಾಗಿ ಪ್ಲಾಟ್ ಮಾಡಿದ ಪಿಡಿಎಫ್‌ನಲ್ಲಿ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿರುತ್ತದೆ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ್ದೋ, ಸ್ಕ್ರೀನ್‌ಶಾಟನ್ನು ಪಿಡಿಎಫ್ ಮಾಡಿದ್ದೋ ಆದರೆ ಅದು ಬರೀ ಚಿತ್ರ. ಪರೀಕ್ಷೆ ಸುಲಭ: ಫೈಲ್ ತೆರೆದು 800 ಪ್ರತಿಶತಕ್ಕೆ ಹಿಗ್ಗಿಸಿ, ಅಳತೆಯ ಅಂಕಿ ನೋಡಿ. 3 ಮತ್ತು 8ರ ನಡುವೆ ಸಂಶಯ ಬಂತೆಂದರೆ ಆ ಫೈಲ್ ಕಳಿಸಬೇಡಿ.

ಕಾಗದದ ಅಳತೆಯಲ್ಲಿ ಆಗುವ ಎಡವಟ್ಟು ಇನ್ನೂ ದುಬಾರಿ. 1:100 ಸ್ಕೇಲಿನಲ್ಲಿ ಎ3 ಹಾಳೆಗೆಂದು ಮಾಡಿದ ನಕ್ಷೆಯಲ್ಲಿ 4 ಮೀಟರ್ ಅಗಲದ ಕೋಣೆ 40 ಮಿಲಿಮೀಟರ್ ಇರುತ್ತದೆ. ಸೈಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನೇ ‘ಫಿಟ್ ಟು ಪೇಜ್’ ಕೊಟ್ಟು ಎ4ರಲ್ಲಿ ತೆಗೆದರೆ ಅದು ಸುಮಾರು 28 ಮಿಲಿಮೀಟರಿಗೆ ಇಳಿಯುತ್ತದೆ. ಮೇಸ್ತ್ರಿ ಸ್ಕೇಲ್ ಇಟ್ಟು ಅಳೆದರೆ ಕೋಣೆ 2.8 ಮೀಟರ್! ಅದಕ್ಕೇ ಮೂರು ಕೆಲಸ ಮಾಡಿ. ಪ್ರತಿ ಹಾಳೆಯಲ್ಲೂ ಕಾಗದದ ಗಾತ್ರವನ್ನೂ ಸ್ಕೇಲನ್ನೂ ಬರೆಯಿರಿ. ಮೂಲೆಯಲ್ಲಿ ಒಂದು ಸ್ಕೇಲ್ ಬಾರ್ ಹಾಕಿ; ನಕ್ಷೆ ಕುಗ್ಗಿದರೆ ಅದೂ ಕುಗ್ಗುವುದರಿಂದ ತಪ್ಪು ಕಣ್ಣಿಗೆ ಬೀಳುತ್ತದೆ. ‘ಅಳೆಯಬೇಡಿ, ಬರೆದ ಅಳತೆಯನ್ನೇ ಪಾಲಿಸಿ’ ಎಂದು ಕನ್ನಡದಲ್ಲೇ ನಮೂದಿಸಿ.

ಕನ್ನಡದಲ್ಲಿ ನಮೂದಿಸುವಾಗಲೂ ಎಚ್ಚರ ಬೇಕು. ಕೋಣೆಗಳ ಹೆಸರನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ದೇವರ ಕೋಣೆ’ ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೂ ಟೆಕ್ಸ್ಟ್ ಸ್ಟೈಲ್ ಆಟೋಕ್ಯಾಡ್‌ನ ಹಳೆಯ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿದ್ದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ತುಂಗಾ ಅಥವಾ ನಿರ್ಮಲಾದಂಥ ಯೂನಿಕೋಡ್ ಟ್ರೂಟೈಪ್ ಫಾಂಟ್ ಬಳಸಿ, ಪಿಡಿಎಫ್ ಮಾಡುವಾಗ ಫಾಂಟನ್ನು ಫೈಲಿನೊಳಗೇ ಸೇರಿಸಿ. ಹಾಗೆ ಮಾಡಿದ ಪಿಡಿಎಫ್ ಎಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ. ವರ್ಷಗಟ್ಟಲೆ ಕಾಪಿಡಬೇಕಾದ ಅಂತಿಮ ನಕ್ಷೆಗೆ ಪಿಡಿಎಫ್/ಎ ಎಂಬ ದಾಖಲಾತಿ ರೂಪವಿದೆ. ಫಾಂಟ್ ಒಳಗೇ ಇರಬೇಕೆಂಬುದು ಅದರ ಕಡ್ಡಾಯ ನಿಯಮ.

ತಿದ್ದುವವರಿಗೆ ಡಿಡಬ್ಲ್ಯೂಜಿ

ಸ್ಟ್ರಕ್ಚರಲ್, ಎಲೆಕ್ಟ್ರಿಕಲ್, ಪ್ಲಂಬಿಂಗ್ ಕೆಲಸದವರು ನಿಮ್ಮ ನಕ್ಷೆಯ ಮೇಲೆಯೇ ತಮ್ಮ ಗೆರೆ ಹಾಕಬೇಕು. ಅವರಿಗೆ ಡಿಡಬ್ಲ್ಯೂಜಿ ಕೊಡದೆ ವಿಧಿಯಿಲ್ಲ. ಇಲ್ಲಿ ಸಿಕ್ಕಿಬೀಳುವುದು ಆವೃತ್ತಿಯಲ್ಲಿ. ಆಟೋಕ್ಯಾಡ್ ಪ್ರತಿ ವರ್ಷ ಹೊಸದಾಗಿ ಬಂದರೂ ಫೈಲಿನ ರೂಪ ಪ್ರತಿ ವರ್ಷ ಬದಲಾಗುವುದಿಲ್ಲ. 2010, 2013 ಮತ್ತು 2018ರಲ್ಲಿ ಬದಲಾಗಿದೆ. 2018ರ ರೂಪದಲ್ಲಿ ಸೇವ್ ಆದದ್ದು 2016ರ ಆಟೋಕ್ಯಾಡ್‌ನಲ್ಲಿ ತೆರೆಯುವುದಿಲ್ಲ.

ಕೈಯಲ್ಲಿರುವ ಫೈಲ್ ಯಾವ ಕಾಲದ್ದೆಂದು ತಿಳಿಯಲು ಆಟೋಕ್ಯಾಡೇ ಬೇಕೆಂದಿಲ್ಲ. ಅದರ ಒಂದು ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಉಳಿದದ್ದೆಲ್ಲ ಗೋಜಲಾಗಿ ಕಂಡರೂ ಮೊದಲ ಆರು ಅಕ್ಷರ ಸ್ಪಷ್ಟವಾಗಿರುತ್ತವೆ. ಎಸಿ1024 ಎಂದಿದ್ದರೆ 2010ರ ರೂಪ, ಎಸಿ1027 ಇದ್ದರೆ 2013ರದ್ದು, ಎಸಿ1032 ಇದ್ದರೆ 2018ರದ್ದು. ನೋಡಿಯಾದ ಮೇಲೆ ಸೇವ್ ಮಾಡದೆ ಮುಚ್ಚಿ. ಗ್ರಾಹಕರ ಬಳಿ ಯಾವುದಿದೆ ಎಂದು ತಿಳಿಯದಿದ್ದರೆ 2010ರ ರೂಪದಲ್ಲಿ ಸೇವ್ ಮಾಡಿ ಕಳಿಸುವುದು ಕ್ಷೇಮ.

ಇನ್ನೊಂದು ತೊಂದರೆ ಹೊರಗಿನಿಂದ ಜೋಡಿಸಿದ ಎಕ್ಸ್‌ರೆಫ್ ಫೈಲುಗಳದು. ನಿಮ್ಮ ಕಂಪ್ಯೂಟರಿನಲ್ಲಿ ಪೂರ್ತಿ ಕಾಣುವ ಸೈಟ್ ಪ್ಲಾನ್ ಅವರಲ್ಲಿ ಅರ್ಧ ಖಾಲಿ, ಸರ್ವೆ ಗೆರೆಗಳೇ ಇಲ್ಲ. ಆಟೋಕ್ಯಾಡ್‌ನ ಇ-ಟ್ರಾನ್ಸ್‌ಮಿಟ್ ಕಮಾಂಡ್ ಮೂಲ ಫೈಲ್, ಎಕ್ಸ್‌ರೆಫ್, ಫಾಂಟ್, ಪ್ಲಾಟ್ ಸ್ಟೈಲ್ ಎಲ್ಲವನ್ನೂ ಒಂದೇ ಜಿಪ್ ಕಟ್ಟಿಕೊಡುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಪ್ಯಾಕ್ ಆ್ಯಂಡ್ ಗೋ’ ಇದೆ. ಕಟ್ಟುವ ಮೊದಲು ಪರ್ಜ್ ಮತ್ತು ಆಡಿಟ್ ಕಮಾಂಡ್ ಕೊಟ್ಟು ಬೇಡದ ಬ್ಲಾಕ್, ಲೇಯರ್‌ಗಳನ್ನು ತೆಗೆದುಹಾಕಿದರೆ ಫೈಲ್ ಹಗುರವಾಗುತ್ತದೆ. ಹಿಂದಿನ ಗ್ರಾಹಕರ ಮನೆಯ ತುಣುಕು ಈ ಗ್ರಾಹಕರಿಗೆ ಹೋಗುವುದೂ ತಪ್ಪುತ್ತದೆ.

ಆಟೋಕ್ಯಾಡ್ ಕೊಳ್ಳದ ಗ್ರಾಹಕರಿಗೆ ಆಟೋಡೆಸ್ಕ್‌ನದೇ ಡಿಡಬ್ಲ್ಯೂಜಿ ಟ್ರೂವ್ಯೂ ಉಚಿತವಾಗಿ ಸಿಗುತ್ತದೆ. ನಕ್ಷೆ ನೋಡಲು, ಅಳೆಯಲು, ಹಳೆಯ ಆವೃತ್ತಿಗೆ ಬದಲಿಸಲು ಅದು ಸಾಕು. ಇನ್ನು ಕಟ್ಟಡ ಪರವಾನಗಿಗೆ ಆನ್‌ಲೈನ್ ಅರ್ಜಿ ಹಾಕುವಲ್ಲಿ ಡಿಡಬ್ಲ್ಯೂಜಿ ಕೇಳಿದರೆ, ಅವರು ಹೇಳಿದ ಲೇಯರ್ ಹೆಸರನ್ನು ಅಕ್ಷರಶಃ ಪಾಲಿಸಿ. ಅಲ್ಲಿ ನಕ್ಷೆಯನ್ನು ಮೊದಲು ಓದುವುದು ಸಾಫ್ಟ್‌ವೇರ್. ಸರಿಯಾದ ಲೇಯರ್‌ನಲ್ಲಿಲ್ಲದ ಗೋಡೆ ಅದಕ್ಕೆ ಗೋಡೆಯೇ ಅಲ್ಲ.

ಕತ್ತರಿಸುವವರಿಗೆ ಡಿಎಕ್ಸ್‌ಎಫ್

ಗೇಟ್, ಕಿಟಕಿ ಗ್ರಿಲ್, ಮೆಟ್ಟಿಲಿನ ರೇಲಿಂಗ್, ಹೋಟೆಲ್ ಅಡುಗೆಮನೆಯ ಸ್ಟೀಲ್ ಮೇಜು, ಇವುಗಳ ತಗಡು ಈಗ ಲೇಸರ್‌ನಲ್ಲೋ ಪ್ಲಾಸ್ಮಾದಲ್ಲೋ ಕತ್ತರಿಸಿ ಬರುತ್ತದೆ. ಆ ಯಂತ್ರಗಳ ಸಾಫ್ಟ್‌ವೇರ್ ಬಯಸುವುದು ಡಿಎಕ್ಸ್‌ಎಫ್. 1982ರಲ್ಲಿ ಆಟೋಕ್ಯಾಡ್ ಜತೆಗೇ ಬಂದ ಈ ರೂಪದ ಉದ್ದೇಶವೇ ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಗೆರೆ ಸಾಗಿಸುವುದು.

ಯಂತ್ರ ಕಂಡ ಗೆರೆಯನ್ನೆಲ್ಲ ಕತ್ತರಿಸುತ್ತದೆ ಎಂಬುದನ್ನು ಮರೆಯಬಾರದು. ಗೇಟಿನ ಒಂದು ಪ್ಯಾನೆಲ್ ತೆಗೆದುಕೊಳ್ಳಿ. ಹೂವಿನ ಬಳ್ಳಿಯ ವಿನ್ಯಾಸ, ಸುತ್ತ ಚೌಕಟ್ಟು. ಮಿರರ್ ಮಾಡುವಾಗ ನಡುವಿನ ಗೆರೆ ಒಂದರ ಮೇಲೊಂದು ಎರಡು ಕೂತಿದೆ. ಪರದೆಯ ಮೇಲೆ ಒಂದೇ ಕಾಣುತ್ತದೆ. ಲೇಸರ್ ಅದೇ ದಾರಿಯಲ್ಲಿ ಎರಡು ಸಲ ಹೋಗುತ್ತದೆ. ಅಂಚು ಕರಗಿ ಕೆಡುತ್ತದೆ. ಇನ್ನೊಂದು ಕಡೆ ಎಲೆಯ ಆಕಾರದ ಗೆರೆ ಕೂದಲೆಳೆಯಷ್ಟು ಕೂಡಿಲ್ಲ. ಸಾಫ್ಟ್‌ವೇರ್ ಅದನ್ನು ಮುಚ್ಚಿದ ಆಕಾರವೆಂದು ಒಪ್ಪುವುದೇ ಇಲ್ಲ. ಎಲೆಯ ನಡುವೆ ಬಿಟ್ಟ ಸಣ್ಣ ವೃತ್ತಕ್ಕೆ ಸೇತುವೆಯಿಲ್ಲ; ಕತ್ತರಿಸಿದ ಕೂಡಲೇ ಅದು ಕಳಚಿ ಬಿದ್ದುಹೋಗುತ್ತದೆ. ಪಕ್ಕದಲ್ಲಿ ಬರೆದ ‘1200’ ಎಂಬ ಅಳತೆ ಅದೇ ಲೇಯರ್‌ನಲ್ಲಿದ್ದರೆ ತಗಡಿನ ಮೇಲೆ ಆ ಅಂಕಿಯೂ ಕೊರೆದು ಬರುತ್ತದೆ.

ಆದ್ದರಿಂದ ಕಟಿಂಗ್ ಫೈಲನ್ನು ಬೇರೆಯಾಗಿಯೇ ತಯಾರಿಸಿ. ಗಾತ್ರ 1:1, ಮಿಲಿಮೀಟರಿನಲ್ಲಿ. ಓವರ್‌ಕಿಲ್ ಕಮಾಂಡ್‌ನಿಂದ ಜೋಡಿ ಗೆರೆಗಳನ್ನು ತೆಗೆಯಿರಿ. ಆಕಾರಗಳನ್ನು ಮುಚ್ಚಿದ ಪಾಲಿಲೈನ್ ಮಾಡಿ. ಅಕ್ಷರ, ಅಳತೆ, ಟೈಟಲ್ ಬ್ಲಾಕ್ ಎಲ್ಲ ಅಳಿಸಿ. ಬೆಂಡ್ ಆಗಬೇಕಾದ ಗೆರೆಗಳಿದ್ದರೆ ಬೇರೆ ಲೇಯರ್‌ನಲ್ಲಿಟ್ಟು ಅದನ್ನು ತಿಳಿಸಿ. ಹಳೆಯ ಯಂತ್ರವಾದರೆ ಆರ್12 ಅಥವಾ 2000ದ ಡಿಎಕ್ಸ್‌ಎಫ್ ಕೇಳುತ್ತಾರೆ, ವಿಚಾರಿಸಿ. ಲೇಸರ್ ಕಿರಣದ ಅಗಲವನ್ನು ನೀವು ಕಳೆಯಬೇಡಿ, ಅದು ಆಪರೇಟರ್ ನೋಡಿಕೊಳ್ಳುವ ವಿಷಯ. ತಗಡು ಮೈಲ್ಡ್ ಸ್ಟೀಲೋ 304 ಸ್ಟೇನ್‌ಲೆಸ್ಸೋ, ಎಷ್ಟು ಮಿಲಿಮೀಟರ್ ದಪ್ಪ, ಎಷ್ಟು ಪೀಸ್ ಬೇಕು ಎಂಬುದು ಆ ಗೆರೆಗಳಿಂದ ತಿಳಿಯುವುದಿಲ್ಲ. ಜತೆಗೆ ಹೋಗುವ ಪಿಡಿಎಫ್ ಅದನ್ನು ಹೇಳಬೇಕು.

ತಯಾರಿಸುವವರಿಗೆ ಸ್ಟೆಪ್

ಯಂತ್ರದ ಬಿಡಿಭಾಗ, ಅಚ್ಚು, ಜಿಗ್ ಮುಂತಾದವನ್ನು ಸಿಎನ್‌ಸಿ ಅಥವಾ ವಿಎಂಸಿಯಲ್ಲಿ ಮಾಡಿಸುವವರು ತ್ರೀಡಿ ಮಾಡೆಲ್ ಕೇಳುತ್ತಾರೆ. ನಿಮ್ಮ ಸಾಲಿಡ್‌ವರ್ಕ್ಸ್ ಅಥವಾ ಇನ್ವೆಂಟರ್ ಫೈಲನ್ನೇ ಕೊಟ್ಟರೆ ಅವರಲ್ಲೂ ಅದೇ ಸಾಫ್ಟ್‌ವೇರ್, ಅಷ್ಟೇ ಹೊಸ ಆವೃತ್ತಿ ಇರಬೇಕು. ಐಎಸ್ಒ 10303 ಮಾನಕದ ಸ್ಟೆಪ್ ಫೈಲಿಗೆ ಈ ಹಂಗಿಲ್ಲ. ಅದರಲ್ಲಿ ಘನಾಕಾರವೂ ಅಳತೆಯ ಮಾನವೂ ಇರುತ್ತವೆ, ನೀವು ಡಿಸೈನ್ ಕಟ್ಟಿದ ಹಂತಗಳು ಇರುವುದಿಲ್ಲ. ನಿಮ್ಮ ಲೆಕ್ಕಾಚಾರ ನಿಮ್ಮಲ್ಲೇ ಉಳಿಯುತ್ತದೆ, ಇದೊಂದು ಲಾಭ. ಸೇವ್ ಮಾಡುವಾಗ ಎಪಿ203, ಎಪಿ214, ಎಪಿ242 ಎಂಬ ಆಯ್ಕೆ ಬಂದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ ಎಪಿ214 ಆರಿಸಿ. ಬಣ್ಣ, ಲೇಯರ್ ಉಳಿಯುತ್ತವೆ. ಟಾಲರೆನ್ಸ್‌ಗಳನ್ನು ಮಾಡೆಲ್‌ಗೇ ಅಂಟಿಸಿ ಕಳಿಸುವವರಿಗೆ ಎಪಿ242. 1980ರ ಕಾಲದ ಐಜಿಇಎಸ್ ಇನ್ನೂ ಚಾಲ್ತಿಯಲ್ಲಿದೆ, ಆದರೆ ಅದರಲ್ಲಿ ಮೇಲ್ಮೈಗಳ ನಡುವೆ ಸಂದು ಬಿಡುವುದು ಹೆಚ್ಚು. ಕೇಳಿದರೆ ಮಾತ್ರ ಕೊಡಿ.

ಸ್ಟೆಪ್ ಕೊಟ್ಟೆವೆಂದು ಡ್ರಾಯಿಂಗ್ ಬಿಡುವಂತಿಲ್ಲ. ಎಂ8 ಬೋಲ್ಟಿನ ಮರೆ (ಥ್ರೆಡ್) ಇರುವ ತೂತನ್ನು ನೋಡಿ. ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಅದು 6.8 ಮಿಲಿಮೀಟರಿನ ಬರೀ ತೂತು. ಅದಕ್ಕೆ ಟ್ಯಾಪ್ ಹಾಕಬೇಕೆಂದು ಫೈಲ್ ಹೇಳದಿದ್ದರೆ ತಯಾರಿಸುವವರು 6.8ರ ತೂತನ್ನೇ ಕೊರೆದು ಕಳಿಸುತ್ತಾರೆ, ಅವರ ತಪ್ಪೇನೂ ಇಲ್ಲ. ಮರೆ, ಟಾಲರೆನ್ಸ್, ಮೇಲ್ಮೈಯ ನಯ, ಹೀಟ್ ಟ್ರೀಟ್‌ಮೆಂಟ್ ಎಲ್ಲ ಪಿಡಿಎಫ್ ಡ್ರಾಯಿಂಗ್‌ನಲ್ಲಿ ಬರಬೇಕು. ಗ್ರಾಹಕರು ಅಮೆರಿಕದವರಾದರೆ ಪ್ರೊಜೆಕ್ಷನ್ ಚಿಹ್ನೆ ಹಾಕಲು ಮರೆಯಬೇಡಿ. ನಮ್ಮಲ್ಲಿ ಫಸ್ಟ್ ಆ್ಯಂಗಲ್, ಅಲ್ಲಿ ಥರ್ಡ್ ಆ್ಯಂಗಲ್. ಚಿಹ್ನೆ ಇಲ್ಲದ ಹಾಳೆಯಲ್ಲಿ ಎಡಗಡೆಯ ಭಾಗ ಬಲಗಡೆಯದಾಗಿ ತಯಾರಾಗಬಹುದು.

ತ್ರೀಡಿ ಪ್ರಿಂಟಿಂಗಿಗೂ ಮರದ ಕೆತ್ತನೆಯ ರೂಟರ್‌ಗೂ ಎಸ್‌ಟಿಎಲ್ ಸಾಕು. 1987ರ ಈ ರೂಪ ವಸ್ತುವಿನ ಮೇಲ್ಮೈಯನ್ನು ತ್ರಿಕೋನಗಳಾಗಿ ಒಡೆದು ಬರೆಯುತ್ತದೆ. ಮಾನವೇ ಇಲ್ಲದಿರುವುದು ಅದರ ದೊಡ್ಡ ಕೊರತೆ. ನೀವು 50 ಮಿಲಿಮೀಟರ್ ಎಂದದ್ದನ್ನು ಇಂಚು ಎಂದು ಓದಿದ ಸಾಫ್ಟ್‌ವೇರ್‌ನಲ್ಲಿ ಅದು 1270 ಮಿಲಿಮೀಟರ್ ಆಗುತ್ತದೆ. ಒಟ್ಟು ಉದ್ದ, ಅಗಲ, ಎತ್ತರವನ್ನು ಸಂದೇಶದಲ್ಲೇ ಬರೆಯಿರಿ. ಪ್ರಿಂಟರಿನವರು ಒಪ್ಪಿದರೆ 3ಎಂಎಫ್ ಕೊಡಿ, ಅದರಲ್ಲಿ ಮಾನ ಇರುತ್ತದೆ.

ಕಾರ್ಕಳ ಕಡೆಯ ಕಲ್ಲು, ಮರದ ಕುಸುರಿ ಕೆಲಸಕ್ಕೆ ಇನ್ನೊಂದು ಮಾತು. ಗೊಮ್ಮಟನ ಈ ಊರಿನ ಮಿಯಾರಿನಲ್ಲಿ ಕುಶಲಕರ್ಮಿಗಳಿಗಾಗಿಯೇ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ತರಬೇತಿ ಸಂಸ್ಥೆಯಿದೆ. ಉಳಿ ಹಿಡಿದು ಕೆತ್ತುವವರಿಗೆ ತ್ರೀಡಿ ಫೈಲಿಗಿಂತ ನಿಜ ಗಾತ್ರದ ಪ್ರಿಂಟ್ ಉಪಯೋಗಕ್ಕೆ ಬರುತ್ತದೆ. 1:1ರ ಪಿಡಿಎಫ್ ಮಾಡಿ, ಪ್ಲಾಟರ್‌ನಲ್ಲಿ ತೆಗೆಸಿ, ಅದರ ಮೇಲಿನ 100 ಮಿಲಿಮೀಟರಿನ ಗುರುತನ್ನು ಟೇಪಿನಲ್ಲಿ ಅಳೆದು ನೋಡಿಯೇ ಕೊಡಿ.

ಕಳಿಸುವ ದಾರಿ

ವಾಟ್ಸ್ಆ್ಯಪ್ ಬಿಟ್ಟು ನಮ್ಮಲ್ಲಿ ವ್ಯವಹಾರವಿಲ್ಲ. ಆದರೆ ನಕ್ಷೆಯನ್ನು ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಅಂಕಿಗಳು ಮಸುಕಾಗುತ್ತವೆ. ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಲಗತ್ತು ಡ್ರೈವ್ ಕೊಂಡಿಯಾಗಿ ಹೋಗುತ್ತದೆ. ಆ ಕೊಂಡಿ ತೆರೆಯಲು ಅವರಿಗೆ ಅನುಮತಿ ಕೊಟ್ಟಿದ್ದೀರೋ ನೋಡಿ. ತುರ್ತಿಗೆ ವಾಟ್ಸ್ಆ್ಯಪ್ ಆಗಲಿ, ಒಪ್ಪಿಗೆ ಮಾತ್ರ ಇಮೇಲ್‌ನಲ್ಲೇ ಇರಲಿ. ಆರು ತಿಂಗಳ ನಂತರ ಹುಡುಕಿದರೂ ಸಿಗುವಂತಿರಬೇಕು.

ಫೈಲಿನ ಹೆಸರಿನಲ್ಲೇ ಕೆಲಸದ ಸಂಖ್ಯೆ, ಹಾಳೆಯ ಸಂಖ್ಯೆ, ರಿವಿಷನ್, ದಿನಾಂಕ ಬರಲಿ. ‘ಫೈನಲ್’, ‘ಹೊಸ ಫೈನಲ್’, ‘ಲಾಸ್ಟ್ ಫೈನಲ್’ ಎಂಬ ಹೆಸರುಗಳಿಂದ ಯಾವುದು ಕೊನೆಯದೆಂದು ಇಟ್ಟವರಿಗೇ ತಿಳಿಯುವುದಿಲ್ಲ. ಪ್ರತಿ ರಿವಿಷನ್‌ನಲ್ಲಿ ಬದಲಾದ ಜಾಗಕ್ಕೆ ಮೋಡದಾಕಾರದ ಗುರುತು ಹಾಕಿ, ಏನು ಬದಲಾಯಿತೆಂದು ಒಂದು ಸಾಲು ಬರೆಯಿರಿ. ‘ಒಪ್ಪಿಗೆಗಾಗಿ ಮಾತ್ರ’ ಮತ್ತು ‘ಕೆಲಸಕ್ಕಾಗಿ’ ಎಂಬ ಎರಡು ಮುದ್ರೆ ಇಟ್ಟುಕೊಳ್ಳಿ. ಎರಡನೆಯದಿಲ್ಲದ ಹಾಳೆಯಿಂದ ಯಾರೂ ಕಬ್ಬಿಣ ಕತ್ತರಿಸಬಾರದು.

ಈ ಶಿಸ್ತು ದೊಡ್ಡ ಕೆಲಸಗಳಲ್ಲಿ ಹೇಗೆ ಅನಿವಾರ್ಯವೆಂಬುದಕ್ಕೆ ಮಲ್ಪೆಯೇ ಸಾಕ್ಷಿ. ಹಿಂದೆ ತೆಬ್ಮಾ ಎನಿಸಿದ್ದ ಅಲ್ಲಿನ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಈಗದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ತಲಾ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳಿಗೆ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ವಿನ್ಯಾಸ ನೆದರ್ಲೆಂಡ್ಸ್‌ನ ಕೊನೊಶಿಪ್ ಸಂಸ್ಥೆಯದು, ಮಾಲೀಕರು ನಾರ್ವೆಯವರು, ಉಕ್ಕು ಹಡಗಾಗುವುದು ಮಲ್ಪೆಯಲ್ಲಿ. ಮೂರು ದೇಶಗಳ ಜನ ಒಂದೇ ರಿವಿಷನ್ ನೋಡುತ್ತಿದ್ದರೆ ಮಾತ್ರ ಇಂಥ ಕೆಲಸ ನಡೆಯುತ್ತದೆ.

ಎಡವಿದರೆ ಏನಾಗುತ್ತದೆಂದು ಏರ್‌ಬಸ್ ಎ380 ವಿಮಾನ ತೋರಿಸಿಕೊಟ್ಟಿದೆ. ಹ್ಯಾಂಬರ್ಗ್ ಮತ್ತು ಟುಲೂಸ್‌ನ ತಂಡಗಳು ಕ್ಯಾಟಿಯಾ ಎಂಬ ಒಂದೇ ಸಾಫ್ಟ್‌ವೇರ್‌ನ ಬೇರೆ ಬೇರೆ ಪೀಳಿಗೆಯಲ್ಲಿ ಕೆಲಸ ಮಾಡುತ್ತಿದ್ದವು. ಒಂದು ಕಡೆ ತಯಾರಾದ ವಿದ್ಯುತ್ ತಂತಿಗಳ ಕಟ್ಟು ಇನ್ನೊಂದು ಕಡೆ ವಿಮಾನದೊಳಗೆ ಕೂಡಿಸುವಾಗ ಉದ್ದ ಸಾಲಲಿಲ್ಲ. 2006ರಲ್ಲಿ ಪೂರೈಕೆ ಮತ್ತೆ ಮತ್ತೆ ಮುಂದೆ ಹೋಯಿತು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈ ಸೇರಿದ್ದು 2007ರ ಅಕ್ಟೋಬರಿನಲ್ಲಿ.

ನಕ್ಷೆಯ ಹಕ್ಕು

1957ರ ಕೃತಿಸ್ವಾಮ್ಯ ಕಾಯ್ದೆಯಡಿ ರೇಖಾಚಿತ್ರ, ನಕ್ಷೆ, ಪ್ಲಾನ್‌ಗಳೂ ಕಲಾಕೃತಿಗಳೇ. ಆದರೆ ನೋಂದಣಿಗೆ ಅರ್ಹವಾದ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯ ಉಳಿಯುವುದಿಲ್ಲ ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ 15ನೆಯ ವಿಧಿ. ಎಲ್‌ಎನ್‌ಜಿ ಟ್ರೈಲರ್‌ಗಳ ಎಂಜಿನಿಯರಿಂಗ್ ಡ್ರಾಯಿಂಗ್ ಕುರಿತ ವ್ಯಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಧಿಯನ್ನು ವಿವರಿಸಿದೆ. ಹೊಸ ಬಿಡಿಭಾಗ ರೂಪಿಸಿ ನೂರಾರು ಮಾರುವ ಯೋಚನೆ ಇರುವವರು ನೋಂದಣಿಯ ಬಗ್ಗೆ ಮೊದಲೇ ಸಲಹೆ ಪಡೆಯಬೇಕು.

ಪಿಡಿಎಫ್ ಕೊಟ್ಟರೆ ಡಿಸೈನ್ ಭದ್ರ ಎಂಬ ನಂಬಿಕೆಯೂ ಬೇಡ. ಆಟೋಕ್ಯಾಡ್ 2017ರಿಂದ ಪಿಡಿಎಫ್‌ನ ಗೆರೆಗಳನ್ನು ಮತ್ತೆ ಡ್ರಾಯಿಂಗ್ ಆಗಿ ತಂದುಕೊಳ್ಳಬಹುದು. ಭದ್ರತೆ ಬರುವುದು ಬರಹದಲ್ಲಿರುವ ಒಪ್ಪಂದದಿಂದ. ಶುಲ್ಕದಲ್ಲಿ ತಿದ್ದಬಹುದಾದ ಫೈಲ್ ಸೇರಿದೆಯೇ, ಯಾವಾಗ ಕೊಡುತ್ತೀರಿ, ಬೇರೆಯವರಿಗೆ ಹಂಚಬಹುದೇ ಎಂಬುದು ಕೊಟೇಶನ್‌ನಲ್ಲೇ ಇರಲಿ. ಗ್ರಾಹಕರೂ ಕೆಲಸ ಒಪ್ಪಿಸುವ ಮೊದಲೇ ಇದನ್ನು ಕೇಳಬೇಕು. ಕೊನೆಯ ಕಂತಿನ ದಿನ ಈ ಮಾತು ತೆಗೆದರೆ ಸಂಬಂಧ ಕೆಡುತ್ತದೆ.

ಕಳಿಸುವ ಮುನ್ನ ಒಮ್ಮೆ

1. ಗ್ರಾಹಕರಿಗೆ ಬೇಕಾದ ರೂಪ ಮತ್ತು ಆವೃತ್ತಿ ಕೇಳಿದ್ದೀರಾ?
2. ಜತೆಗೆ ಪಿಡಿಎಫ್ ಇದೆಯೇ? ಅದರಲ್ಲಿ ಮಾನ, ಸ್ಕೇಲ್, ಕಾಗದದ ಗಾತ್ರ, ರಿವಿಷನ್ ಇವೆಯೇ?
3. ಕನ್ನಡ ಅಕ್ಷರ ಬೇರೆ ಫೋನಿನಲ್ಲೂ ಸರಿಯಾಗಿ ಕಾಣುತ್ತದೆಯೇ?
4. ಎಕ್ಸ್‌ರೆಫ್, ಫಾಂಟ್ ಸೇರಿದ ಜಿಪ್ ಕಟ್ಟಿದ್ದೀರಾ?
5. ಕಟಿಂಗ್ ಫೈಲಿನಲ್ಲಿ ಜೋಡಿ ಗೆರೆ, ತೆರೆದ ಆಕಾರ, ಅಕ್ಷರ ಉಳಿದಿವೆಯೇ?
6. ಕಳಿಸುವ ಫೈಲನ್ನು ನಿಮ್ಮದಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದೀರಾ?

ಇಷ್ಟು ನೋಡಲು ಹೆಚ್ಚು ಹೊತ್ತು ಬೇಡ. ನಕ್ಷೆ ತಪ್ಪಿ ಹೋದರೆ ಕತ್ತರಿಸಿದ ಉಕ್ಕು, ಕಡಿದ ಕಲ್ಲು ಮತ್ತೆ ಕೂಡುವುದಿಲ್ಲ, ಅದರ ಖರ್ಚು ಯಾರದೆಂಬ ಜಗಳ ಬೇರೆ. ಡಿಸೈನ್ ಆಫೀಸುಗಳು ಈ ಪಟ್ಟಿಯನ್ನು ಪ್ರಿಂಟ್ ತೆಗೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಲಿ. ಗ್ರಾಹಕರು ತಮಗೆ ಯಾವ ಫೈಲ್ ಬೇಕೆಂದು ಸಂಕೋಚವಿಲ್ಲದೆ ಕೇಳಲಿ. ಕಾಲೇಜುಗಳು ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಡ್ರಾಯಿಂಗ್ ಮಾಡಿದ್ದಕ್ಕೆ ಮಾತ್ರವಲ್ಲ, ಅದನ್ನು ಸರಿಯಾಗಿ ಒಪ್ಪಿಸಿದ್ದಕ್ಕೂ ಅಂಕ ಕೊಡಲಿ.